ಸಾವನ್ನು ನೆನೆಯುತ್ತಾ ಕೃತಜ್ಞತೆಯ ಅಭ್ಯಾಸ: ಹೆದರಿಕೆ ಹತ್ತದ ಹಾಗೆ, ಸಪ್ಪೆಯೂ ಆಗದ ಹಾಗೆ ಮಾಡೋದು ಹೇಗೆ?

ಹೊಂಗೆನೆರಳು
ರಾತ್ರಿ ಮಲಗೋ ಮುಂಚೆ ಮೂರು ಒಳ್ಳೆಯ ಸಂಗತಿ ಬರೀರಿ ಅನ್ನೋ ಸಲಹೆ ಈಗ ಎಲ್ಲ ಕಡೆ ಸಿಗುತ್ತೆ. ಶುರು ಮಾಡಿದವರ ಪುಸ್ತಕ ಹದಿನೈದು ದಿನಕ್ಕೆ ಹಾಜರಿ ಪುಸ್ತಕ ಆಗಿರುತ್ತೆ: ಮನೆ, ಆರೋಗ್ಯ, ಮಕ್ಕಳು, ಮರುದಿನ ಮತ್ತೆ ಮನೆ, ಆರೋಗ್ಯ, ಮಕ್ಕಳು. ಇದಕ್ಕೆ ಜೀವ ಬರಲಿ ಅಂತ "ಇವತ್ತೇ ಕೊನೇ ದಿನ ಅಂದ್ಕೊಳ್ಳಿ" ಅಂತಾರೆ. ಹಾಗೆ ಅಂದ್ಕೊಂಡರೆ ಕೃತಜ್ಞತೆ ಬರೋ ಬದಲು ಎದೆ ಡವಗುಟ್ಟುತ್ತೆ, ನಿದ್ದೆ ಹೋಗುತ್ತೆ. ಎರಡನ್ನೂ ಸೇರಿಸೋ ಸರಿಯಾದ ಹದ ಏನು? ಎಷ್ಟು ಹೊತ್ತು, ಯಾವ ಕ್ರಮ, ಎಲ್ಲಿ ನಿಲ್ಲಿಸಬೇಕು? ಪ್ರವಚನ ಬೇಡ, ವಿಧಾನ ಹೇಳಿ.

ಅಂಕಿಸಂಖ್ಯೆ
ಸಪ್ಪೆ ಆಗೋದಕ್ಕೆ ಕಾರಣ ಸೋಮಾರಿತನ ಅಲ್ಲ, ಪ್ರಮಾಣ ತಪ್ಪಿರೋದು. 2003ರಲ್ಲಿ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲಾ ಮಾಡಿದ ಪ್ರಸಿದ್ಧ ಅಧ್ಯಯನದ ಮೊದಲ ಭಾಗದಲ್ಲಿ ಬರೆಸಿದ್ದು ವಾರಕ್ಕೊಮ್ಮೆ, ಹತ್ತು ವಾರ, ಹೆಚ್ಚೆಂದರೆ ಐದು ಸಂಗತಿ. ಸೋನ್ಯಾ ಲ್ಯುಬೊಮಿರ್ಸ್ಕಿ ತಂಡ ಆರು ವಾರ ಹೋಲಿಸಿ ನೋಡಿತು: ವಾರಕ್ಕೆ ಒಂದು ಸಲ ಬರೆದವರಿಗೆ ಉಪಯೋಗ ಆಯ್ತು, ಮೂರು ಸಲ ಬರೆದವರಿಗೆ ಆಗಲಿಲ್ಲ. ಒಗ್ಗರಣೆಗೆ ಇಂಗು ಹಾಕಿದ ಹಾಗೆ, ಚಿಟಿಕೆ ಜಾಸ್ತಿ ಆದರೆ ಕಹಿ.

ಇನ್ನೊಂದು ತಪ್ಪು: "ಮೂರು ಒಳ್ಳೆಯ ಸಂಗತಿ" ಅಭ್ಯಾಸದ ಅರ್ಧ ಭಾಗವನ್ನೇ ಜನ ಬಿಟ್ಟಿದ್ದಾರೆ. 2005ರಲ್ಲಿ ಮಾರ್ಟಿನ್ ಸೆಲಿಗ್ಮನ್ ತಂಡ ಪರೀಕ್ಷಿಸಿದ ರೂಪದಲ್ಲಿ ಪ್ರತಿ ಸಂಗತಿಯ ಮುಂದೆ ಅದು *ಯಾಕೆ* ಆಯ್ತು ಅಂತಲೂ ಬರೀಬೇಕಿತ್ತು. "ಬಸ್ಸು ಸಿಕ್ಕಿತು" ಅಂದರೆ ವರದಿ. "ಓಡಿ ಬರ್ತಿರೋದನ್ನ ಕನ್ನಡೀಲಿ ನೋಡಿ ಡ್ರೈವರ್ ಹತ್ತು ಸೆಕೆಂಡ್ ನಿಲ್ಲಿಸಿದ, ಅದಕ್ಕೆ ಸಿಕ್ಕಿತು" ಅಂದರೆ ಅಲ್ಲೊಬ್ಬ ಮನುಷ್ಯ ಕಾಣಿಸ್ತಾನೆ. ಕೃತಜ್ಞತೆಗೆ ವಿಳಾಸ ಬೇಕು.

ಸಾವಿನ ವಿಷಯಕ್ಕೂ ಒಂದು ಪ್ರಯೋಗ ಇದೆ. 2011ರಲ್ಲಿ ಅರಸೆಲಿ ಫ್ರಿಯಾಸ್ ಮತ್ತು ಸಂಗಡಿಗರು, ಕಟ್ಟಡಕ್ಕೆ ಬೆಂಕಿ ಬಿದ್ದು ತಾವು ಸಾಯೋ ದೃಶ್ಯವನ್ನು ಕೆಲವರಿಗೆ ವಿವರವಾಗಿ ಕಲ್ಪಿಸಿಕೊಳ್ಳೋಕೆ ಹೇಳಿದರು. ಮಾಮೂಲಿ ವಿಷಯ ಯೋಚಿಸಿದವರಿಗಿಂತ ಇವರಲ್ಲಿ ಕೃತಜ್ಞತೆಯ ಭಾವ ಹೆಚ್ಚಿತ್ತು. ಆದರೆ ಅದು ಒಂದು ಸಲದ ಪ್ರಯೋಗ. ದಿನಾ ರಾತ್ರಿ ಬೆಂಕಿ ಕಲ್ಪಿಸಿಕೊಳ್ಳಿ ಅಂತ ಅದರಿಂದ ಯಾರೂ ತೀರ್ಮಾನಿಸಬಾರದು.

ಪಾಲಿಪುಟ
ಹೆದರಿಕೆ ಬರುತ್ತೆ ಅನ್ನೋದು ಹೊಸ ದೂರಲ್ಲ. ಐದನೇ ಶತಮಾನದಲ್ಲಿ ಶ್ರೀಲಂಕಾದಲ್ಲಿ ಕೂತು ಬೌದ್ಧ ಪಂಡಿತ ಬುದ್ಧಘೋಷ ಬರೆದ ಧ್ಯಾನದ ಗ್ರಂಥ ವಿಶುದ್ಧಿಮಗ್ಗದಲ್ಲಿ ಮರಣಸ್ಮೃತಿಯ, ಅಂದರೆ ಸಾವನ್ನು ನೆನೆಯೋ ಧ್ಯಾನದ, ಭಾಗದ ಶುರುವಿನಲ್ಲೇ ಈ ಎಚ್ಚರಿಕೆ ಇದೆ. ಯಾರ ಸಾವನ್ನ ನೆನೆದರೆ ಏನಾಗುತ್ತೆ ಅಂತ ನಾಲ್ಕು ಪಾಲು ಮಾಡ್ತಾನೆ: ಪ್ರಿಯರ ಸಾವು ನೆನೆದರೆ ಶೋಕ. ಆಗದವರ ಸಾವು ನೆನೆದರೆ ಒಳಗೊಳಗೇ ಖುಷಿ. ಸಂಬಂಧ ಇಲ್ಲದವರದ್ದಾದರೆ ಏನೂ ಅನ್ನಿಸಲ್ಲ, ದಿನಾ ಹೆಣ ಸುಡೋನಿಗೆ ಇನ್ನೊಂದು ಹೆಣ ಕಂಡ ಹಾಗೆ. ತನ್ನದೇ ಸಾವು ನೆನೆದರೆ ದಿಗಿಲು, ಕತ್ತಿ ಎತ್ತಿ ನಿಂತವನನ್ನ ಕಂಡ ಅಂಜುಬುರುಕನ ಹಾಗೆ. ಅಂದರೆ ಸುಮ್ಮನೆ "ಸಾಯ್ತೀನಿ" ಅಂತ ಕೂತರೆ ನಾಲ್ಕೂ ದಾರಿ ಕೆಡುತ್ತೆ. ಅವನು ಹೇಳೋ ಪರಿಹಾರ: ಚೆನ್ನಾಗಿ ಬಾಳಿ ಹೋದವರನ್ನು ನೆನೆದು, ಎಚ್ಚರ, ತುರ್ತು, ತಿಳಿವಳಿಕೆ ಮೂರನ್ನೂ ಹಿಡಿದು, "ಮರಣಂ ಭವಿಸ್ಸತಿ" (ಸಾವು ಬರುತ್ತೆ) ಅನ್ನೋ ಒಂದೇ ಮಾತಿಗೆ ಮನಸ್ಸನ್ನು ತರೋದು. ಚಿತ್ರ ಕಟ್ಟೋ ಗೋಜಿಲ್ಲ.

ಎಷ್ಟು ಹೊತ್ತು ಅನ್ನೋದಕ್ಕೆ ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಅಂಗುತ್ತರ ನಿಕಾಯದ ಆರರ ಗುಂಪಿನಲ್ಲಿ ಒಂದು ಸಂವಾದ ಇದೆ. ನಾದಿಕ ಅನ್ನೋ ಊರಿನ ಇಟ್ಟಿಗೆ ಮನೇಲಿ ಬುದ್ಧ ಆರು ಜನ ಭಿಕ್ಷುಗಳನ್ನ ಕೇಳ್ತಾನೆ, ಸಾವನ್ನು ಹೇಗೆ ನೆನೀತೀರಿ ಅಂತ. ಒಬ್ಬ "ಇನ್ನೊಂದು ಹಗಲು ಇನ್ನೊಂದು ರಾತ್ರಿ ಬದುಕಿದರೆ ಸಾಕು" ಅಂತಾನೆ, ಇನ್ನೊಬ್ಬ "ಒಂದು ಹಗಲು", ಮತ್ತೊಬ್ಬ "ಒಂದು ಊಟ ಮುಗಿಸೋ ಹೊತ್ತು", ಮಗದೊಬ್ಬ "ನಾಲ್ಕೈದು ತುತ್ತು". ಇವರು ನಾಲ್ವರೂ ಮೈಮರೆತವರು ಅಂತಾನೆ ಬುದ್ಧ. "ಒಂದು ತುತ್ತು ಅಗಿದು ನುಂಗೋ ಹೊತ್ತು" ಅಂದವನನ್ನೂ "ಒಂದುಸಿರು ಎಳೆದು ಬಿಡೋ ಹೊತ್ತು" ಅಂದವನನ್ನೂ ಮಾತ್ರ ಒಪ್ಪುತ್ತಾನೆ.

ಇದನ್ನ ಕಠಿಣ ಅಂತ ಓದಬೇಡಿ, ಹಗುರ ಅಂತ ಓದಿ. ಒಂದು ತುತ್ತಿನ ಹೊತ್ತಿನಲ್ಲಿ ಆಸ್ಪತ್ರೆ, ಸಾಲ, ಮಕ್ಕಳ ಮದುವೆ ಯಾವುದೂ ಹಿಡಿಸಲ್ಲ. ಭಯಕ್ಕೆ ಕಥೆ ಬೇಕು, ಕಥೆಗೆ ಸಮಯ ಬೇಕು. ಅವಧಿ ಕಿರಿದಾದಷ್ಟೂ ಭಯಕ್ಕೆ ಜಾಗ ಇಲ್ಲ.

ಮೊಸರನ್ನ
ಹಾಗಾದರೆ ಊಟದ ಮೊದಲ ತುತ್ತಿಗೆ ಕಟ್ಟಿಬಿಡೋದು ಸುಲಭ. ಬೇರೆ ಅಲಾರಂ ಬೇಡ. ಆದರೆ ಟಿವಿ ಮುಂದೆ ಕೂತ ಊಟಕ್ಕೆ ನಡೆಯಲ್ಲ, ಕಿರುಚೋ ಸುದ್ದಿ ವಾಚಕರು ಅಲ್ಲೇ ಮರಣಸ್ಮೃತಿ ಮಾಡಿಸ್ತಿರ್ತಾರೆ.

ಪಾಲಿಪುಟ
ಹೌದು, ಮೊದಲ ತುತ್ತು ಸಾಕು. ಬಾಯಲ್ಲಿಟ್ಟ ಮೇಲೆ ಕೈ ತಟ್ಟೆಗೆ ಹೋಗಬಾರದು, ಅಷ್ಟೇ ನಿಯಮ. ಅನ್ನ ಸುಮಾರು ಇಪ್ಪತ್ತು ಸಲ ಅಗಿಯೋ ಹೊತ್ತಿಗೆ ಸಿಹಿಯಾಗೋಕೆ ಶುರುವಾಗುತ್ತೆ. ಎಂಜಲು ಪಿಷ್ಟವನ್ನ ಒಡೆಯೋದರಿಂದ. ಆ ಸಿಹಿ ಬರೋವರೆಗೆ ಒಂದೇ ಯೋಚನೆ: ಇದನ್ನ ಬೇಯಿಸಿದ ಕೈ ಯಾವುದು. ನುಂಗಿದ ಮೇಲೆ: ಇದು ಮುಗೀತು. ಎರಡನೇ ತುತ್ತಿನಿಂದ ಮಾಮೂಲಿ ಊಟ, ಮಾಮೂಲಿ ಮಾತು. ಇಡೀ ಊಟ ಹೀಗೆ ಮಾಡೋಕೆ ಹೋದರೆ ಮೂರನೇ ದಿನಕ್ಕೆ ಮನೆಯವರು ಬೈತಾರೆ, ನಾಲ್ಕನೇ ದಿನ ಬಿಟ್ಟುಬಿಡ್ತೀರಿ.

ಬೆಳ್ಗೊಳದಕಲ್ಲು
ನಮ್ಮ ಕಡೆಯ ದಾರಿಯೂ ಸೇರಲಿ. ಜೈನರ ಹನ್ನೆರಡು ಅನುಪ್ರೇಕ್ಷೆಗಳಲ್ಲಿ (ಮತ್ತೆ ಮತ್ತೆ ಮಾಡೋ ಚಿಂತನೆಗಳಲ್ಲಿ) ಮೊದಲನೆಯದೇ ಅನಿತ್ಯ, ಯಾವುದೂ ನಿಲ್ಲಲ್ಲ ಅನ್ನೋದು; ಎರಡನೆಯದು ಅಶರಣ, ಕಾಯೋರು ಯಾರೂ ಇಲ್ಲ ಅನ್ನೋದು. ಹನ್ನೊಂದನೆಯದು ಬೋಧಿದುರ್ಲಭ: ಮನುಷ್ಯ ಜನ್ಮ, ಸರಿಯಾದ ಅರಿವು ಸಿಗೋದು ಎಷ್ಟು ಅಪರೂಪ ಅನ್ನೋ ಚಿಂತನೆ. ಕೃತಜ್ಞತೆಗೆ ಹತ್ತಿರ ಇರೋದು ಅದೇ. ಮೊದಲು ಎಲ್ಲ ಕಳಚುತ್ತೆ ಅಂತ ಒಪ್ಪಿಕೋ, ಆಮೇಲೆ ಸಿಕ್ಕಿದ್ದು ಎಷ್ಟು ಅಪರೂಪ ಅಂತ ಕಾಣುತ್ತೆ. ಈ ಕ್ರಮ ಸುಮ್ಮನೆ ಇಟ್ಟಿದ್ದಲ್ಲ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆ ಮೇಲೆ ನಂದಿಸೇನ ಮುನಿಯ ನಿಸಿದಿ (ಮುನಿಯ ಸಾವಿನ ನೆನಪಿನ) ಶಾಸನ ಇದೆ, ಸುಮಾರು ಏಳನೇ ಶತಮಾನದ ಹಳಗನ್ನಡ. ಸಿರಿ, ರೂಪ, ಹಣ, ವೈಭವ ಯಾರಿಗೂ ನಿಲ್ಲಲ್ಲ ಅನ್ನೋದಕ್ಕೆ ಅಲ್ಲಿ ಮೂರು ಹೋಲಿಕೆ: ಕಾಮನಬಿಲ್ಲು, ಮಿಂಚಿನ ಬಳ್ಳಿ, ಮಂಜು. ಗಮನಿಸಿ, ಕೊಳೆತದ್ದು, ಮುರಿದದ್ದು ಒಂದೂ ಇಲ್ಲ. ಮೂರೂ ನೋಡೋಕೆ ಚೆಂದ, ಮೂರೂ ಬೇಗ ಮಾಯ. ಅನಿತ್ಯವನ್ನ ನೆನೆಯೋಕೆ ಹೆಣದ ಚಿತ್ರವೇ ಬೇಕಾಗಿಲ್ಲ. ಬೆಳಗ್ಗೆ ಗರಿಕೆ ಮೇಲಿನ ಮಂಜು ಹನಿಯನ್ನ ಅದು ಆರೋವರೆಗೆ ನೋಡಿ, ಅದೇ ಪಾಠ.

ಪಾಲಿಪುಟ
ಕ್ರಮದ ವಿಷಯದಲ್ಲಿ ಒಂದು ತಕರಾರು. ಟಿಬೆಟನ್ ಪರಂಪರೆಯಲ್ಲಿ (ಬೈಲಕುಪ್ಪೆಯ ಮಠಗಳಲ್ಲಿ ಕಲಿಸೋದೂ ಅದೇ ಪರಂಪರೆ) ಮನಸ್ಸನ್ನು ತಿರುಗಿಸೋ ನಾಲ್ಕು ಚಿಂತನೆಗಳು ಅಂತಿವೆ. ಅಲ್ಲಿ ಉಲ್ಟಾ: ಮೊದಲು ಮನುಷ್ಯ ಜನ್ಮ ದುರ್ಲಭ, ಆಮೇಲೆ ಅನಿತ್ಯ ಮತ್ತು ಸಾವು, ಆಮೇಲೆ ಕರ್ಮ, ಸಂಸಾರದ ದೋಷ. ನೂರು ವರ್ಷಕ್ಕೊಮ್ಮೆ ತಲೆ ಎತ್ತೋ ಕುರುಡು ಆಮೆಯ ಕತ್ತು ಕಡಲಲ್ಲಿ ತೇಲೋ ನೊಗದ ತೂತಿಗೇ ಸಿಕ್ಕಿಕೊಳ್ಳೋ ಹೋಲಿಕೆ ಆ ಮೊದಲ ಚಿಂತನೆಗೇ ಬಳಸೋದು. ಕೈಯಲ್ಲಿ ಏನಿದೆ ಅಂತ ಗೊತ್ತಾದ ಮೇಲೆ ತಾನೇ ಅದು ಜಾರೋ ಮಾತು?

ಸನ್ಯಾಸಿಗೆ ಅನಿತ್ಯ ಮೊದಲು ಬಂದರೆ ಸರಿ, ಅವರ ಗುರಿ ಬಿಡೋದು. ಗೃಹಸ್ಥರು ಹತ್ತು ನಿಮಿಷ ಕೂರೋದಾದರೆ ದುರ್ಲಭ ಮೊದಲು, ಅನಿತ್ಯ ಆಮೇಲೆ ಇರಲಿ. ಹೊಂಗೆನೆರಳು ಹೇಳಿದ ಡವಡವ ಬರೋದು ಅನಿತ್ಯದಿಂದ ಶುರು ಮಾಡಿ ಅಲ್ಲೇ ನಿಂತಾಗ.

ಬೆಳ್ಗೊಳದಕಲ್ಲು
ಹನ್ನೆರಡನ್ನೂ ಪೂರ್ತಿ ಸುತ್ತೋರಿಗೆ ನಮ್ಮ ಕ್ರಮವೇ ಸರಿ ಅಂತ ಈಗಲೂ ಹೇಳ್ತೀನಿ. ಹತ್ತು ನಿಮಿಷದವರಿಗೆ ನಿಮ್ಮದು. ಮಧ್ಯದಲ್ಲಿ ಎದ್ದು ಹೋಗೋ ಅಪಾಯ ಇರೋದು ಅವರಿಗೇ.

ಕಿರ್ದಿಖಾತೆ
ಬರವಣಿಗೆಯ ರೂಪದ ಬಗ್ಗೆ ಯಾರೂ ಹೇಳಲಿಲ್ಲ. ಜಪಾನಿನಲ್ಲಿ ಯೋಶಿಮೊಟೊ ಇಶಿನ್ ರೂಪಿಸಿದ ನೈಕಾನ್ ಅನ್ನೋ ಪದ್ಧತಿ ಇದೆ. ಒಬ್ಬ ವ್ಯಕ್ತಿಯನ್ನು ಆರಿಸಿಕೊಂಡು ಮೂರೇ ಪ್ರಶ್ನೆ: ಅವರಿಂದ ಏನು ಪಡೆದೆ? ಅವರಿಗೆ ಏನು ಕೊಟ್ಟೆ? ಅವರಿಗೆ ಏನು ತೊಂದರೆ ಮಾಡಿದೆ? "ಅವರು ನನಗೆ ಏನು ತೊಂದರೆ ಮಾಡಿದರು" ಅನ್ನೋ ನಾಲ್ಕನೇ ಪ್ರಶ್ನೆ ಬೇಕಂತಲೇ ಇಲ್ಲ. ಅದಕ್ಕೆ ಉತ್ತರ ಎಲ್ಲರ ಹತ್ರ ತಯಾರಿರುತ್ತೆ. ಪೂರ್ಣ ರೂಪದಲ್ಲಿ ಒಂದು ವಾರ ಮಡಿಚುವ ಪರದೆಯ ಹಿಂದೆ ಕೂತು, ಸಾಮಾನ್ಯವಾಗಿ ತಾಯಿಯಿಂದ ಶುರು ಮಾಡಿ, ವಯಸ್ಸಿನ ಹಂತ ಹಂತವಾಗಿ ನೆನೀತಾರೆ. ಮನೆಯಲ್ಲಿ ವಾರಕ್ಕೆ ಒಬ್ಬರು, ಅರ್ಧ ಗಂಟೆ ಸಾಕು.

ಅಂಗಡಿ ಲೆಕ್ಕದ ಹಾಗೆ ಬರೀರಿ. ಎಡ ಪುಟ ಪಡೆದದ್ದು, ಬಲ ಪುಟ ಕೊಟ್ಟದ್ದು, ಕೆಳಗೆ ಅಡ್ಡಗೆರೆ ಎಳೆದು ತೊಂದರೆ. ಪ್ರತಿ ನಮೂದಿನಲ್ಲೂ ವಸ್ತು, ಸಂಖ್ಯೆ, ಸಮಯ ಇರಬೇಕು. "ಅಮ್ಮ ಪ್ರೀತಿ ಕೊಟ್ಟಳು" ಅನ್ನೋದು ನಮೂದೇ ಅಲ್ಲ. "ಏಳರಿಂದ ಹತ್ತನೇ ಕ್ಲಾಸಿನವರೆಗೆ ಬೆಳಗ್ಗೆ ಏಳಕ್ಕೆ ಡಬ್ಬಿ, ವರ್ಷಕ್ಕೆ ಇನ್ನೂರು ದಿನ ಹಿಡಿದರೂ ನಾಲ್ಕು ವರ್ಷಕ್ಕೆ ಎಂಟುನೂರು ಡಬ್ಬಿ" ಅನ್ನೋದು ನಮೂದು. ಎಂಟುನೂರು ಅಂತ ಬರೆದ ಮೇಲೆ ಬಲ ಪುಟ ನೋಡಿ. ಅಲ್ಲಿ ಏನು ಬರೆಯೋದು ಅಂತ ಪೆನ್ನು ನಿಲ್ಲುತ್ತಲ್ಲ, ಅಭ್ಯಾಸ ಶುರುವಾಗೋದೇ ಆಗ.

ಸಾವು ಎಲ್ಲಿ ಸೇರುತ್ತೆ ಅಂದರೆ, ಕನ್ನಡದಲ್ಲಿ ಅದು ಆಗಲೇ ಸೇರಿದೆ. ಯಾರಾದರೂ ತೀರಿಕೊಂಡರೆ "ಅನ್ನ ನೀರಿನ ಋಣ ತೀರಿತು" ಅಂತೀವಿ. "ತೀರಿಕೊಂಡರು" ಅನ್ನೋ ಮಾತಿನಲ್ಲೇ ಲೆಕ್ಕದ ವಾಸನೆ ಇದೆ. ಹೊಸಿಲು ದಾಟುವಾಗ "ಹೋಗ್ತೀನಿ" ಅನ್ನೋದಿಲ್ಲ, "ಬರ್ತೀನಿ" ಅಂತೀವಿ. ವಾಪಸ್ ಬರೋದು ಖಾತ್ರಿ ಇಲ್ಲ ಅಂತ ಗೊತ್ತಿರೋ ಭಾಷೆ ಮಾತ್ರ ಹಾಗೆ ಹೇಳಿಸುತ್ತೆ. ಆ ಒಂದು "ಬರ್ತೀನಿ"ಯನ್ನ ದಿನಕ್ಕೊಮ್ಮೆ ಮುಖ ನೋಡಿ, ಚಪ್ಪಲಿ ಹುಡುಕದೆ, ಮೊಬೈಲ್ ಕೆಳಗಿಟ್ಟು ಹೇಳಿದರೂ ಸಾಕು.

ಮೊಸರನ್ನ
ಋಣ ಅಂದ ಕೂಡಲೇ ಇನ್ನೊಂದು ಪದ ನೆನಪಾಗುತ್ತೆ: ಹಂಗು. ನೆಂಟರ ಮನೇಲಿ ಎರಡು ವರ್ಷ ಇದ್ದು ಓದಿದ್ದಕ್ಕೆ ಇಪ್ಪತ್ತು ವರ್ಷ ಮಾತು ಅನ್ನಿಸಿಕೊಂಡವರಿಗೆ ಈ ಲೆಕ್ಕದ ಪುಸ್ತಕ ಕೊಟ್ಟರೆ ಗಾಯ ಕೆರೆದ ಹಾಗಾಗುತ್ತೆ.

ಕಿರ್ದಿಖಾತೆ
ಸರಿಯಾದ ಮಾತು. ಪರೀಕ್ಷೆ ಹೀಗೆ: ಉಪಕಾರ ನೆನೆದಾಗ ಆ ವ್ಯಕ್ತಿಯನ್ನ ನೋಡಬೇಕು ಅನ್ನಿಸಿದರೆ ಅದು ಕೃತಜ್ಞತೆ. ಅವರ ನಂಬರ್ ಕಂಡರೆ ಹೊಟ್ಟೆ ಹಿಂಡಿದರೆ ಅದು ಹಂಗು. ಹೊಡೆದವರು, ಬಡಿದವರು, ಕೊಟ್ಟಿದ್ದನ್ನ ಆಡಿ ತೋರಿಸಿ ದುಡಿಸಿಕೊಂಡವರು ಇವರನ್ನ ನೈಕಾನ್ ಪಟ್ಟಿಗೆ ಒಬ್ಬರೇ ಕೂತು ಹಾಕಬೇಡಿ. ನಾಲ್ಕನೇ ಪ್ರಶ್ನೆ ಇಲ್ಲದಿರೋದು ಮಾಮೂಲಿ ಸಂಬಂಧಗಳಲ್ಲಿ ಔಷಧಿ, ಅಂಥ ಸಂಬಂಧದಲ್ಲಿ ವಿಷ.

ಅಂಕಿಸಂಖ್ಯೆ
ಜೊತೆಗೆ ಇನ್ನೊಂದು ಕೆಟ್ಟ ಅಭ್ಯಾಸ: "ನಿನಗಿಂತ ಕಷ್ಟದಲ್ಲಿ ಇರೋರನ್ನ ನೋಡಿ ಸಮಾಧಾನ ಪಟ್ಕೋ." ಇದು ಇನ್ನೊಬ್ಬರ ಸಂಕಟವನ್ನ ಅಳತೆಗೋಲು ಮಾಡುತ್ತೆ, ಮತ್ತೆ ನಿಮಗಿಂತ ಸುಖವಾಗಿರೋರು ಕಂಡ ತಕ್ಷಣ ಅದೇ ಕೋಲು ನಿಮ್ಮ ಬೆನ್ನಿಗೆ ಬೀಳುತ್ತೆ. ಹೋಲಿಸೋದಾದರೆ ನಿಮ್ಮ ಬದುಕನ್ನ ನಿಮ್ಮ ಬದುಕಿಗೇ ಹೋಲಿಸಿ. 2008ರಲ್ಲಿ ಮಿಂಕ್ಯುಂಗ್ ಕೂ ಮತ್ತು ಸಂಗಡಿಗರು ಇದನ್ನ ಪರೀಕ್ಷಿಸಿದರು: ಸಂಗಾತಿಯನ್ನ ಹೇಗೆ ಭೇಟಿಯಾದೆ ಅಂತ ಬರೆದವರಿಗಿಂತ, ಹೇಗೆ ಭೇಟಿಯೇ ಆಗದೆ ಹೋಗಬಹುದಿತ್ತು ಅಂತ ಬರೆದವರಲ್ಲಿ ಸಂಬಂಧದ ಬಗ್ಗೆ ತೃಪ್ತಿ ಹೆಚ್ಚಿತ್ತು. ಇದು ಕಳೆಯುವ ಲೆಕ್ಕ.

ಇಲ್ಲೂ ತಪ್ಪಾಗುತ್ತೆ. ಮುಂದೆ ಕಳಕೊಳ್ಳೋದನ್ನ ಕಲ್ಪಿಸಿಕೊಂಡರೆ ಆತಂಕ. ಹಿಂದೆ ಸಿಗದೇ ಹೋಗಬಹುದಾಗಿತ್ತು ಅಂತ ಕಲ್ಪಿಸಿಕೊಂಡರೆ ಬೆರಗು. ಎರಡೂ ನಾಜೂಕುತನವನ್ನೇ ತೋರಿಸುತ್ತೆ, ಆದರೆ ಎರಡನೆಯದರಲ್ಲಿ ಅಪಾಯ ದಾಟಿ ಆಗಿದೆ. ಆತಂಕದ ಸ್ವಭಾವದವರು ಹಿಂದಕ್ಕೆ ಮಾತ್ರ ಕಳೀರಿ.

ಬಿಳಿಕೋಟು
ಉಪಶಮನ ಆರೈಕೆಯ (ಗುಣವಾಗದ ಕಾಯಿಲೆಯವರ ನೋವು ತಗ್ಗಿಸೋ ಆರೈಕೆಯ) ಕಡೆಯಿಂದ ನಾಲ್ಕು ಮಾತು. ಮನೆಯಲ್ಲಿ ಸಾವಾಗಿ ಕೆಲವೇ ತಿಂಗಳಾದವರು, ಖಿನ್ನತೆ ಇರೋರು, ಎದೆ ಹಿಡಿದಂತಾಗಿ ಗಾಬರಿ ಬೀಳೋರು, ಸಾಯೋ ಯೋಚನೆ ಬರ್ತಿರೋರು: ಇವರಿಗೆ ಮರಣಸ್ಮೃತಿ ಬೇಡವೇ ಬೇಡ. ಕೃತಜ್ಞತೆಯ ಬರವಣಿಗೆಯೂ ಖಿನ್ನತೆಗೆ ಮದ್ದಲ್ಲ. ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ ಖಿನ್ನತೆ, ಆತಂಕದ ಮೇಲೆ ಅದರ ಪರಿಣಾಮ ಸಣ್ಣದು. ಅಂಥವರು 14416ಕ್ಕೆ ಕರೆ ಮಾಡಲಿ, ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಉಳಿದವರಿಗೂ ಒಂದು ಗೆರೆ: ಅಭ್ಯಾಸ ಮುಗಿದು ಅರ್ಧ ಗಂಟೆ ಆದರೂ ಮನಸ್ಸು ಅಲ್ಲೇ ಸುತ್ತುತ್ತಿದ್ದರೆ ಅವತ್ತಿನಿಂದ ನಿಲ್ಲಿಸಿ. ರಾತ್ರಿ ಹೊತ್ತು ಮಾಡಲೇಬೇಡಿ, ಬೆಳಗ್ಗೆ ಮಾಡಿ, ಮುಗಿದ ಮೇಲೆ ಕೈಗೆ ಒಂದು ಕೆಲಸ ಇರಲಿ.

ಇನ್ನು ಹಾಸಿಗೆ ಹಿಡಿದವರ ಪಕ್ಕ ಕೂತಾಗ ಹೇಳಬೇಕಾದ್ದು. ಅಮೆರಿಕದ ಉಪಶಮನ ವೈದ್ಯ ಐರಾ ಬಯೋಕ್ ನಾಲ್ಕು ಮಾತು ಅಂತಾರೆ: ಕ್ಷಮಿಸು, ಕ್ಷಮಿಸಿದ್ದೇನೆ, ಉಪಕಾರ ಆಯ್ತು, ಪ್ರೀತಿ ಇದೆ. ಇದನ್ನ ಹೀಗೇ ಕನ್ನಡದಲ್ಲಿ ಹೇಳೋಕೆ ಹೋದರೆ ನಾಟಕದ ಡೈಲಾಗ್ ಆಗಿ, ರೋಗಿಗೆ "ಓಹೋ, ಡಾಕ್ಟರು ಏನೋ ಹೇಳಿರಬೇಕು" ಅನ್ನಿಸುತ್ತೆ. ನಮ್ಮಲ್ಲಿ ಬೇರೆ ಮಾತಿದೆ. "ಏನಾದರೂ ತಪ್ಪಾಗಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ." "ಅದೆಲ್ಲ ಯಾಕೀಗ, ನನ್ನ ಮನಸ್ಸಲ್ಲಿ ಏನೂ ಇಲ್ಲ." "ನಿಮ್ಮಿಂದ ನಾವು ಒಂದು ದಡ ಸೇರಿದ್ವಿ." ನಾಲ್ಕನೆಯದಕ್ಕೆ ಮಾತು ಬೇಡ, ಕಾಲು ಒತ್ತಿ. ಒಂದೇ ದಿನ ನಾಲ್ಕೂ ಹೇಳಬೇಡಿ. ಮಾತು ಕಮ್ಮಿ ಆಗೋ ಮುಂಚೆ, ನೋವಿನ ಔಷಧಿ ಕೊಟ್ಟು ನೋವು ತಗ್ಗಿರೋ ಹೊತ್ತು ನೋಡಿ ಹೇಳಿ. ಪ್ರಜ್ಞೆ ಇಲ್ಲದಿದ್ದರೂ ಕಿವಿ ಹತ್ತಿರ ಹೇಳಬಹುದು, ಆದರೆ ಅಲ್ಲಿವರೆಗೆ ಕಾಯೋದು ಯಾಕೆ?

ಹೊಂಗೆನೆರಳು
ಚೆನ್ನಾಗಿದೆ. ಹಾಗಾದರೆ ಹತ್ತು ನಿಮಿಷಕ್ಕೆ ಇದನ್ನೆಲ್ಲ ಕಟ್ಟಿದರೆ ಹೇಗಿರುತ್ತೆ?

ಪಾಲಿಪುಟ
ವಾರಕ್ಕೆ ಒಂದು ಸಲ, ಬೆಳಗ್ಗೆ. ಮೊದಲ ಎರಡು ನಿಮಿಷ ಸುಮ್ಮನೆ ಉಸಿರು. ಮುಂದಿನ ಮೂರು ನಿಮಿಷ ಒಬ್ಬ ವ್ಯಕ್ತಿ, ಅವರಿಂದ ಬಂದ ಒಂದೇ ಸಂಗತಿ, ಅಂಕಿ ಸಮೇತ. ಆಮೇಲೆ ಎರಡು ನಿಮಿಷ ಅಂಕಿಸಂಖ್ಯೆಯವರ ಕಳೆಯುವ ಲೆಕ್ಕ: ಇದು ಆಗದೇ ಹೋಗೋಕೆ ಎಲ್ಲೆಲ್ಲಿ ದಾರಿ ತಪ್ಪಬಹುದಿತ್ತು. ಸಾವಿನ ನೆನಪಿಗೆ ಒಂದೇ ನಿಮಿಷ, ಐದಾರು ಉಸಿರು: "ಅವರೂ ಇರಲ್ಲ, ನಾನೂ ಇರಲ್ಲ, ಯಾವತ್ತು ಅಂತ ಗೊತ್ತಿಲ್ಲ." ಇಷ್ಟಕ್ಕೆ ಬಿಡಿ, ಚಿತ್ರ ಬರೆಯಬೇಡಿ. ಉಳಿದ ಎರಡು ನಿಮಿಷ ಇವತ್ತೇ ಮಾಡೋ ಒಂದು ಕೆಲಸ ಬರೆಯೋಕೆ. ಈ ಕೊನೆಯ ಎರಡು ನಿಮಿಷ ಬಿಟ್ಟರೆ ಉಳಿದದ್ದು ಉಪಯೋಗಕ್ಕೆ ಬರಲ್ಲ. ಪಾಲಿಯಲ್ಲಿ ಇದಕ್ಕೆ ಜೋಡಿ ಪದ: ಕತಞ್ಞು, ಕತವೇದಿ. ಮಾಡಿದ್ದನ್ನು ಅರಿತವನು ಒಬ್ಬ. ಅರಿತದ್ದನ್ನು ತಿಳಿಯಪಡಿಸುವವನು ಇನ್ನೊಬ್ಬ. ಇಬ್ಬರೂ ಒಬ್ಬನೇ ಆಗಿರಬೇಕು.

ಅಂಕಿಸಂಖ್ಯೆ
ಕೆಲಸ ಅಂದರೆ ಬಹಳ ಸಲ ಪತ್ರ. ಸೆಲಿಗ್ಮನ್ ತಂಡದ ಅಧ್ಯಯನದಲ್ಲಿ ಪತ್ರ ಬರೆದು ತಾವೇ ಹೋಗಿ ಕೊಟ್ಟವರ ಸಂತೋಷ ತಕ್ಷಣಕ್ಕೆ ಎಲ್ಲಕ್ಕಿಂತ ಹೆಚ್ಚು ಏರಿತು, ಒಂದು ತಿಂಗಳವರೆಗೆ ಕಾಣಿಸಿತು, ಆಮೇಲೆ ಇಳೀತು. ಹಾಗಾಗಿ ವರ್ಷಕ್ಕೊಂದಲ್ಲ, ಎರಡು ಮೂರು ತಿಂಗಳಿಗೊಂದು ಇಟ್ಟುಕೊಳ್ಳಿ. ಮುಜುಗರ ಅಂತ ತಡೀಬೇಡಿ. 2018ರಲ್ಲಿ ಅಮಿತ್ ಕುಮಾರ್, ನಿಕೋಲಸ್ ಎಪ್ಲಿ ತೋರಿಸಿದ್ದು ಇದನ್ನೇ: ಬರೆಯೋರು ಓದೋರ ಮುಜುಗರವನ್ನ ಇರೋದಕ್ಕಿಂತ ಜಾಸ್ತಿ ಅಂದುಕೊಳ್ತಾರೆ, ಅವರ ಖುಷಿಯನ್ನ ಕಮ್ಮಿ ಅಂದುಕೊಳ್ತಾರೆ.

ಬಿಳಿಕೋಟು
ಕೆಲಸದ ಪಟ್ಟಿಗೆ ಕಾಗದ ಪತ್ರವೂ ಸೇರಲಿ. ಸಾವು ನೆನೆದು ಕಣ್ಣು ಒದ್ದೆ ಮಾಡಿಕೊಂಡು, ಬ್ಯಾಂಕ್ ಖಾತೆಗೆ ನಾಮಿನಿ ಬರೆಸದೇ ಇದ್ದರೆ ಅದೆಂಥ ಕೃತಜ್ಞತೆ? ಉಯಿಲಿಗೆ ಇಬ್ಬರು ಸಾಕ್ಷಿ ಸಾಕು, ನೋಂದಣಿ ಕಡ್ಡಾಯ ಅಲ್ಲ. ಕೊನೆಗಾಲದಲ್ಲಿ ಯಂತ್ರ ಹಾಕಬೇಕೋ ಬೇಡವೋ ಅನ್ನೋ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿಗೆ ಕೊಟ್ಟಿತು. 2023ರಲ್ಲಿ ವಿಧಾನ ಸರಳ ಆಯ್ತು: ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಅಂಗಾಂಗ ದಾನದ ಪ್ರತಿಜ್ಞೆಗೆ ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಅನ್ನೋ ಸರ್ಕಾರಿ ಸಂಸ್ಥೆ ಇದೆ, ಆದರೆ ಮನೆಯವರಿಗೆ ಬಾಯಿಬಿಟ್ಟು ಹೇಳಿರಬೇಕು. ಸಮಯ ಬಂದಾಗ ಒಪ್ಪಿಗೆ ಕೇಳೋದು ಅವರನ್ನೇ.

ಹೊಂಗೆನೆರಳು
ಉಪಕಾರ ಮಾಡಿದವರು ಆಗಲೇ ಹೋಗಿಬಿಟ್ಟಿದ್ದರೆ? ಪತ್ರ ಯಾರಿಗೆ?

ಕಿರ್ದಿಖಾತೆ
ತರ್ಪಣ ಕೊಡೋ ಮನೆಗಳಲ್ಲಿ ಇದಕ್ಕೆ ಜಾಗ ಇದೆ. ಮಹಾಲಯ ಪಕ್ಷದ ಪಟ್ಟಿ ತಂದೆ, ತಾತ, ಮುತ್ತಾತನಿಗೆ ನಿಲ್ಲಲ್ಲ. ತಾಯಿಯ ಕಡೆಯವರು, ಅತ್ತೆ, ಮಾವ, ಗುರು, ಗೆಳೆಯನವರೆಗೂ ಬರುತ್ತೆ. ಕೊನೆಗೆ ಒದ್ದೆ ಬಟ್ಟೆ ಹಿಂಡಿ ಬಿಡೋ ನೀರು, ಕುಲದಲ್ಲಿ ಹುಟ್ಟಿ ಮಕ್ಕಳಿಲ್ಲದೆ ಸತ್ತವರಿಗೆ. ಯಾರ ಹೆಸರೂ ನೆನಪಿಲ್ಲದವರಿಗೂ ಒಂದು ಪಾಲು. ತರ್ಪಣದ ಪದ್ಧತಿ ಇಲ್ಲದವರು ಅದರ ಕ್ರಮವನ್ನು ಮಾತ್ರ ತಗೊಳ್ಳಿ: ಹೆಸರು ಹೇಳಿ, ಸಂಬಂಧ ಹೇಳಿ, ಪಡೆದದ್ದು ಒಂದು ಹೇಳಿ, ಅದೇ ಥರದ್ದನ್ನ ಬದುಕಿರೋ ಒಬ್ಬರಿಗೆ ಕೊಡಿ. ಫೀಸು ಕಟ್ಟಿದ ಮೇಷ್ಟರಿಗೆ ಫೀಸಿನ ಮೂಲಕವೇ, ಊಟ ಹಾಕಿದವರಿಗೆ ಊಟದ ಮೂಲಕವೇ. ಬೇರೆ ಬಾಬ್ತಿಗೆ ಜಮಾ ಮಾಡಿದರೆ ಖಾತೆ ಹೊಂದಲ್ಲ.

ಮೊಸರನ್ನ
ಬದುಕಿರೋ ಹಿರಿಯರಿಗೆ ಪತ್ರ ಬರೆಯೋರಿಗೆ ಒಂದು ಸಣ್ಣ ವಿಷಯ. ಅಕ್ಷರ ದಪ್ಪ ಇರಲಿ, ಪ್ರಿಂಟ್ ಆದರೆ 18 ಪಾಯಿಂಟ್, ಸಾಲಿನ ನಡುವೆ ಜಾಗ, ಒಂದೇ ಪುಟ. ವಾಟ್ಸಾಪ್‌ನಲ್ಲಿ ಕಳಿಸಿದರೆ ಗುಡ್ ಮಾರ್ನಿಂಗ್ ಹೂಗಳ ನಡುವೆ ಮುಳುಗಿ ಹೋಗುತ್ತೆ.

ಕಿರ್ದಿಖಾತೆ
ಮತ್ತೆ ಅವರ ಮುಂದೆ ಜೋರಾಗಿ ಓದಬೇಡಿ, ಕೈಗೆ ಕೊಟ್ಟು ಕಾಫಿ ಮಾಡೋಕೆ ಒಳಗೆ ಹೋಗಿ. ಹಾಲು ಉಕ್ಕೋ ಹೊತ್ತಿಗೆ ಅವರು ಎರಡನೇ ಸಲ ಓದ್ತಿರ್ತಾರೆ.